ಕಿಟಕಿ ನೋಡುವವರು

ಆರು ಟಿಕೆಟ್ಟು, ಐದು ತಲೆ, ಇನ್ನೊಂದು ಸಲ ಎಣಿಸಿದಳು, ಪತ್ರಿಕೆ ಮಾರುವ ಗೂಡಂಗಡಿಯ ಮರೆಯಲ್ಲಿ ನಿಂತು, ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಆರೇ, ಮಗಳ ಕೈಯಲ್ಲಿ ಕಿತ್ತಳೆ ಬಣ್ಣದ ದಿನದ ಟಿಕೆಟ್ಟುಗಳು ಇಸ್ಪೀಟೆಲೆಗಳ ಹಾಗೆ ಹರಡಿಕೊಂಡಿವೆ, ನಾಲ್ಕನ್ನು ಮಗಳು ಜೊತೆಯ ನಾಲ್ವರಿಗೆ ಹಂಚಿದಳು, ಒಂದನ್ನು ತನ್ನ ಚೀಲಕ್ಕೆ ಸೇರಿಸಿದಳು, ಉಳಿದ ಒಂದು ಎರಡು ಬೆರಳುಗಳ ನಡುವೆಯೇ ನಿಂತಿತು, ಅದನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿದಳು — ಗುಂಡಿ ಯಾಕೆ, ಗುಂಡಿ ಹಾಕುವಷ್ಟು ಜೋಪಾನ ಯಾರಿಗಾಗಿ, ಹದಿನೆಂಟು ವರ್ಷ ಕಂಡಕ್ಟರಿಲ್ಲದ ಈ ಊರ ಬಸ್ಸು ಹತ್ತಿ ಇಳಿದು ಜನರ ಟಿಕೆಟ್ ತಪಾಸಣೆ ಮಾಡಿದವಳ ಎಣಿಕೆ ತಪ್ಪುವುದುಂಟೇ, ತುಂಬಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಎಷ್ಟು ತಲೆ ಎಷ್ಟು ಟಿಕೆಟ್ಟು ಎಂದು ಕಣ್ಣಳತೆಯಲ್ಲೇ ಹೇಳುವವಳು ಅವಳು, ಆದರೆ ಇಷ್ಟು ವರ್ಷ ಹಿಡಿದದ್ದೆಲ್ಲ ತಲೆ ಹೆಚ್ಚು ಟಿಕೆಟ್ಟು ಕಡಿಮೆ ಎನ್ನುವ ಲೆಕ್ಕ, ಟಿಕೆಟ್ಟು ಹೆಚ್ಚು ತಲೆ ಕಡಿಮೆ ಎನ್ನುವುದು ಇವತ್ತೇ ಮೊದಲು. ಆರನೆಯವರು ಯಾರೋ ಇದ್ದಾರೆ, ಎಲ್ಲೋ ದಾರಿಯಲ್ಲಿ ಸೇರಿಕೊಳ್ಳುತ್ತಾರೆ, ಇಲ್ಲಿ ನಿಲ್ದಾಣದಲ್ಲಿ ಯಾರ ಕಣ್ಣಿಗೂ ಬೀಳಬಾರದು ಎಂದು ಮುಂದೆ ಎಲ್ಲೋ ಕಾಯುತ್ತಿದ್ದಾರೆ, ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಬರಲಿ, ನೋಡಿಯೇ ಬಿಡೋಣ. ಪಕ್ಕದ ಮನೆಯವಳ ಕಂದು ಕೋಟು ಕಂಕುಳಲ್ಲಿ ಬಿಗಿಯುತ್ತಿದೆ, ಕೋಟನ್ನು ಗುರುವಾರವೇ ಕೇಳಿ ತಂದಿಟ್ಟಿದ್ದಳು, ಸುಮ್ಮನೆ, ಚಳಿ ಬಂದರೆ ಇರಲಿ ಎಂದು, ಈ ಕೋಟು ಹಾಕಿಕೊಂಡು ಮಗಳ ಹಿಂದೆ ಹೋಗುವ ಯೋಚನೆ ಗುರುವಾರ ಇರಲೇ ಇಲ್ಲ, ಇತ್ತೇ, ಇರಲಿಲ್ಲ, ತಲೆಗೆ ಸುತ್ತಿಕೊಳ್ಳಲು ವಸ್ತ್ರವನ್ನೂ ಅದೇ ದಿನ ಇಸ್ತ್ರಿ ಮಾಡಿದ್ದು ಮಾತ್ರ ನಿಜ. ಯೂನಿಫಾರ್ಮು ಮಲಗುವ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದೆ, ಪಂಚು, ಪೆನ್ನು, ನೌಕರಿಯ ಕಾರ್ಡು ಎಲ್ಲ ಅದರ ಜೇಬಲ್ಲೇ, ಇವತ್ತು ರಜೆ, ಇವತ್ತು ಅವಳು ತಪಾಸಣೆಯವಳಲ್ಲ, ಅಡಿಯಿಂದ ಮುಡಿಯವರೆಗೆ ಬೇರೆಯೇ ಹೆಂಗಸು, ಅಡಿ ಎಂದಾಗ ನೆನಪಾಯಿತು, ಶೂ ಬದಲಿಸಿಲ್ಲ, ದಿನಾ ಹಾಕುವ ಅದೇ ಕರಿ ಶೂ, ಎಡಗಾಲಿನದು ಹೆಜ್ಜೆಗೊಮ್ಮೆ ಕಿರ್ ಎನ್ನುತ್ತದೆ, ಆಣಿ ಇರುವ ಕಾಲಿಗೆ ಬೇರೆ ಯಾವುದೂ ಒಗ್ಗುವುದಿಲ್ಲ, ಹೋಗಲಿ, ಯಾರು ಕಾಲು ನೋಡುತ್ತಾರೆ.

ನಂಬು ಅಮ್ಮ, ಒಂದೇ ಒಂದು ದಿನ ನಂಬು, ಎಂದಿದ್ದಳು ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ, ಶನಿವಾರ ನಾವು ಐದು ಜನ ಊರೆಲ್ಲ ಸುತ್ತಿ ಬರ್ತೀವಿ, ದೊಡ್ಡೋರು ಯಾರೂ ಬೇಡ, ಆರಕ್ಕೆ ಮನೇಲಿರ್ತೀನಿ, ಆದ್ರೆ ನೀನು ಹಿಂದೆ ಬಂದೆ ಅಂತ ಗೊತ್ತಾಯ್ತೋ, ಮುಂದಿನ ವರ್ಷ ದೊಡ್ಡಮ್ಮನ ಮನೇಲಿದ್ಕೊಂಡು ಓದ್ತೀನಿ, ಅಪ್ಪ ಆಗ್ಲೇ ಸಹಿ ಹಾಕಿದಾರೆ. ಸಹಿ ಹಾಕಿದ್ದಾರೆ, ಹೌದು, ಶಾಲೆ ಬದಲಿಸುವ ಅರ್ಜಿ ಫ್ರಿಜ್ಜಿನ ಬಾಗಿಲಲ್ಲಿ ಆಯಸ್ಕಾಂತದ ಕೆಳಗಿದೆ, ಅಪ್ಪನೆಂಬವನು ರಾತ್ರಿಯೆಲ್ಲ ಬೇಕರಿಯಲ್ಲಿ ಹಿಟ್ಟು ನಾದಿ ಬಂದು ಹಗಲು ಮಲಗುವ ಪ್ರಾಣಿ, ನಿದ್ದೆಗಣ್ಣಲ್ಲಿ ಮನೆಯನ್ನೇ ಬರೆದುಕೊಡು ಎಂದರೂ ಬರೆದುಕೊಡುತ್ತಾನೆ, ಹೋಗ್ಲಿ ಬಿಡೇ, ಮಕ್ಕಳು ಅಂದ್ಮೇಲೆ ಹೋಗ್ತಾವೆ ಬರ್ತಾವೆ ಎನ್ನುತ್ತಾನೆ, ಹೋಗುವುದು ಸರಿ, ಬರುವುದು ಯಾರ ಕೈಯಲ್ಲಿದೆ. ದೊಡ್ಡಮ್ಮನೋ, ಅವಳ ಸ್ವಂತ ಅಕ್ಕ, ಆರು ಗಂಟೆಯ ರೈಲು ಪ್ರಯಾಣದ ಆಚೆ ಇದ್ದುಕೊಂಡು, ಮನೆಯಲ್ಲಿ ಯಾವಾಗಲೂ ಒಂದು ಕೋಣೆ ಖಾಲಿ, ಬಾಯಲ್ಲಿ ಯಾವಾಗಲೂ ಒಂದು ಬುದ್ಧಿಮಾತು ತಯಾರು, ಕಳಿಸೇ, ನಿನ್ನ ಕಾವಲಿನಲ್ಲಿ ಆ ಮಗು ಬಾಡಿ ಹೋಗ್ತಿದೆ ಎಂದಿದ್ದಳು ಫೋನಿನಲ್ಲಿ, ಬಾಡಿ ಹೋಗುವುದಂತೆ. ಮಗಳು ಅಂಗೈ ಚಾಚಿದಳು, ಭಾಷೆ ಕೊಡು ಎಂದಳು, ಇವಳು ಕೊಟ್ಟಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೊಟ್ಟಳು, ಕೊಡುವಾಗ ಮನಸ್ಸು ಶುದ್ಧವಾಗಿಯೇ ಇತ್ತು, ಕೋಟು ಆಗ ಬೀರುವಿನಲ್ಲಿತ್ತು. ಆ ಅರ್ಜಿಗೆ ಇನ್ನು ಮಗಳ ಸಹಿಯೊಂದೇ ಬಾಕಿ, ಅದಾದರೆ ಮನೆಯಲ್ಲಿ ಉಳಿಯುವುದು ಮಲಗಿದ ಗಂಡ ಮತ್ತು ಒಲೆ, ಈ ಮಾತು ನೆನೆದರೆ ಅವಳಿಗೆ ಎದೆಯ ಗೂಡಿನಲ್ಲಿ ಒಂದು ಕಡೆ ನಿಜವಾಗಿಯೇ ನೋಯುತ್ತದೆ. ಆದ್ದರಿಂದ ಸಿಕ್ಕಿಬೀಳಬಾರದು, ಅಷ್ಟೇ, ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಆರನೆಯವರು ಯಾರೆಂದು ಕಣ್ಣಾರೆ ನೋಡಿ, ಮಗಳಿಗಿಂತ ಮೊದಲೇ ಮನೆ ಸೇರಿ, ಏನೂ ಅರಿಯದವಳಂತೆ ತಟ್ಟೆ ಹಾಕಿದರಾಯಿತು.

ಬಸ್ಸು ಬಂತು, ಅವರು ಮುಂಬಾಗಿಲಲ್ಲಿ, ಇವಳು ಹಿಂಬಾಗಿಲಲ್ಲಿ, ಜನದ ನಡುವೆ ಅವರ ತಲೆಗಳು ಮಾತ್ರ ಕಾಣುತ್ತವೆ, ಲಂಬು ಎಂದು ಅವರು ಕರೆಯುವ ಹುಡುಗ, ಹೆಸರಿಗೆ ತಕ್ಕ ಹಾಗೆ ಬಸ್ಸಿನ ಕಂಬಿಗೆ ಹಣೆ ತಾಗಿಸಿಕೊಂಡೇ ನಿಲ್ಲುತ್ತಾನೆ, ಸದಾ ತಿನ್ನುವ ಬಕಾಸುರ, ದಪ್ಪ ಕನ್ನಡಕದ ಸೋಡಾಬುಡ್ಡಿ, ಜೋಡಿಜಡೆಯ ಹುಡುಗಿ, ಮತ್ತೆ ಇವಳ ಪುಟ್ಟಿ, ಐದು. ಅವರ ಆಟದ ನಿಯಮ ಇವಳಿಗೆ ಗೊತ್ತು, ಬಾಗಿಲಿಗೆ ಕಿವಿಯಿಟ್ಟು ಕೇಳಿದ್ದಲ್ಲ, ಬಾಗಿಲ ಹತ್ತಿರ ಬಟ್ಟೆ ಮಡಚುವಾಗ ತಾನಾಗಿಯೇ ಬಿದ್ದ ಮಾತು, ಒಬ್ಬೊಬ್ಬರು ಒಂದೊಂದು ಜಾಗ ಆರಿಸಬೇಕು, ಉಳಿದವರು ಯಾಕೆ ಅಂತ ಕೇಳೋ ಹಾಗಿಲ್ಲ, ಸುಮ್ಮನೆ ಬರಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ, ಎಂಥ ನಿಯಮ, ಕಳ್ಳರ ಸಂತೆಯಲ್ಲೂ ಇದಕ್ಕಿಂತ ಹೆಚ್ಚು ವಿಚಾರಣೆ ಇರುತ್ತದೆ. ಪುಟ್ಟಿಯ ಜಾಗ ಕೊನೆಯದು, ಅದು ಯಾವುದೆಂದು ಬಾಗಿಲು ಹೇಳಿರಲಿಲ್ಲ. ಮೊದಲು ಲಂಬುವಿನ ಗಡಿಯಾರದ ಗೋಪುರ, ಹತ್ತಿದರೆ ಊರೆಲ್ಲ ಕಾಣುತ್ತದೆಂದು ಕರೆದುಕೊಂಡು ಬಂದಿದ್ದಾನೆ, ಬಾಗಿಲಿಗೆ ದುರಸ್ತಿಯ ಫಲಕ, ನಾಲ್ಕು ಮುಳ್ಳುಗಳಲ್ಲಿ ಎರಡು ಕೆಳಗೆ ಇಳಿಸಿಟ್ಟಿದ್ದಾರೆ, ಐವರೂ ಮೆಟ್ಟಿಲ ಮೇಲೆ ಕೂತು ನಕ್ಕರು, ಅಷ್ಟು ಹೊತ್ತು ನಗುವಂಥದ್ದು ಏನಿತ್ತು, ಇವಳು ಕಂಬದ ಆಚೆ ಬದಿಯಲ್ಲಿ ಬೆನ್ನು ಕೊಟ್ಟು ಕೂತಳು, ಕೈಯಲ್ಲಿ ನಿನ್ನೆಯ ಪತ್ರಿಕೆ. ಆಗಲೇ ಆ ಮಾತು ಬಂದದ್ದು. ಏನೇ, ಬಂದ್ರಾ, ಎಂದ ಲಂಬು. ಬಂದೇ ಬರ್ತಾರೆ ಬಿಡೋ, ಎಂದಳು ಪುಟ್ಟಿ. ಬರ್ದೇ ಇದ್ರೆ, ಎಂದಿತು ಸೋಡಾಬುಡ್ಡಿ. ಪುಟ್ಟಿ ಮೊಣಕಾಲ ಮೇಲೆ ಗಲ್ಲವಿಟ್ಟು, ಬರ್ದೇ ಇದ್ರೆ ಆ ಟಿಕೆಟ್‌ಗೆ ಫ್ರೇಮ್ ಹಾಕಿಸಿ ಗೋಡೆಗೆ ನೇತಾಕ್ತೀನಿ, ಎಂದಳು. ಯಾರೂ ನಗಲಿಲ್ಲ.

ಫ್ರೇಮ್ ಹಾಕಿಸುತ್ತಾಳಂತೆ, ಪತ್ರಿಕೆಯ ಅಕ್ಷರಗಳು ಕಣ್ಣ ಮುಂದೆ ಇರುವೆಗಳಾದವು, ಬರದೇ ಹೋದವರ ಟಿಕೆಟ್ಟಿಗೂ ಚೌಕಟ್ಟು ಹಾಕಿಸುವಷ್ಟು ಬೆಳೆದಿದೆ ಸಂಗತಿ, ಇನ್ನು ಬಂದರೆ ಏನು ಮಾಡುತ್ತಾಳೋ, ಮತ್ತೆ ಆ ಬರ್ತಾರೆ — ಬರ್ತಾನೆ ಎಂದಿದ್ದರೆ ಓರಗೆಯ ಹುಡುಗ, ಬೈದು ಬುದ್ಧಿ ಹೇಳಬಹುದು, ಬರ್ತಾಳೆ ಎಂದಿದ್ದರೆ ಇನ್ನೊಬ್ಬಳು ಗೆಳತಿ, ಬೆಚ್ಚಬೇಕಾದ್ದೇ ಇಲ್ಲ, ಇದು ಬರ್ತಾರೆ, ಬಹುವಚನ, ಹದಿನೈದರ ಹುಡುಗಿ ಬಹುವಚನ ಕೊಟ್ಟು ಕರೆಯುವವರು ಎಂದರೆ ವಯಸ್ಸಾದವರು, ಮೀಸೆ ಬಂದವರು, ಸಂಬಳ ತರುವವರು. ಮನೆಯಲ್ಲಿ ಅವಳು ಬಹುವಚನ ಕೊಡುವುದು ಅಪ್ಪನಿಗೆ ಒಬ್ಬನಿಗೇ, ಅಪ್ಪ ಬಂದ್ರು, ಅಮ್ಮ ಬಂದ್ಲು, ಅಪ್ಪ ಮಲಗಿದಾರೆ, ಅಮ್ಮ ಕೂಗ್ತಿದಾಳೆ, ಅದು ಆ ಮನೆಯ ವ್ಯಾಕರಣ, ಯಾರೂ ಬರೆದದ್ದಲ್ಲ, ಇವಳಿಗೂ ಅದರಲ್ಲಿ ಬೇಸರವಿಲ್ಲ, ಏಕವಚನ ಹತ್ತಿರದವರಿಗೆ. ಅಪ್ಪನಂತೂ ಆಗಿರಲಿಕ್ಕಿಲ್ಲ, ಆತ ಗೊರಕೆ ಹೊಡೆಯುವುದನ್ನು ಕಂಡೇ ಬಂದಿದ್ದಾಳೆ. ಹಾಗಾದರೆ ಯಾರು, ಚಿತ್ರಕಲೆಯ ಮೇಷ್ಟ್ರೇ, ಫೋನಿನಲ್ಲಿ ಪರಿಚಯವಾದ ಯಾವನೋ ಅಂಕಲ್ಲೇ, ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಯ ಚೆಲುವನೇ, ಅವನು ಮೊನ್ನೆ ಎರಡು ಪುಟ ಹೆಚ್ಚು ತೆಗೆದುಕೊಟ್ಟ ಎಂದು ಪುಟ್ಟಿಯೇ ಹೇಳಿದ್ದಳು, ಹೆಚ್ಚು ಯಾಕೆ ಕೊಡಬೇಕು.

ಜೋಡಿಜಡೆ ಆರಿಸಿದ್ದು ಸಾಕುಮೀನು ಮಾರುವ ಅಂಗಡಿಗಳ ಬೀದಿ, ಗಾಜಿನ ತೊಟ್ಟಿಗಳು ಸಾಲುಸಾಲು, ನೀಲಿ ಬೆಳಕು, ಒಳಗೆ ಬಾಯಿ ತೆರೆದು ಮುಚ್ಚುವ ಮೀನುಗಳು ಏನೋ ಹೇಳಲು ಬಂದು ಬೇಡವೆಂದು ಬಿಡುತ್ತವೆ, ಅಂಗಡಿಯವನೊಬ್ಬ ಪುಟ್ಟಿಯ ಹತ್ತಿರ ಬಂದು ಬಗ್ಗಿ ಏನೋ ಹೇಳಿದ, ಬಿಳಿ ಕೂದಲು, ಬಹುವಚನಕ್ಕೆ ತಕ್ಕ ವಯಸ್ಸು, ಇವಳು ಮೂರು ಹೆಜ್ಜೆ ಮುಂದೆ ಹೋದಳು, ಕಿರ್, ಕಿರ್, ಕಿರ್, ಗಾಜು ಮುಟ್ಬೇಡಮ್ಮಾ, ಮೀನಿಗೆ ಗಾಬರಿಯಾಗುತ್ತೆ, ಅಷ್ಟೇ ಅವನ ಮಾತು. ಜೋಡಿಜಡೆ ತಟ್ಟನೆ ತಿರುಗಿ ನೋಡಿದಳು, ಮುಖವನ್ನಲ್ಲ, ನೆಲದ ಕಡೆ, ಆಮೇಲೆ ಪುಟ್ಟಿಯ ಕಿವಿಯಲ್ಲಿ ಏನೋ ಅಂದಳು, ಪುಟ್ಟಿ ತಿರುಗಲಿಲ್ಲ, ತೊಟ್ಟಿಯ ಗಾಜನ್ನೇ ನೋಡುತ್ತ ನಿಂತಳು, ಗಾಜಿನಲ್ಲಿ ಮೀನು ಕಾಣುತ್ತಿತ್ತೋ ಮತ್ತೇನು ಕಾಣುತ್ತಿತ್ತೋ. ಕೈ ಮಾತ್ರ ಅಂಗಿಯ ಜೇಬಿಗೆ ಹೋಯಿತು, ಗುಂಡಿಯನ್ನು ಮುಟ್ಟಿ ನೋಡಿಕೊಂಡಿತು, ಟಿಕೆಟ್ಟು ಇದೆ, ಕಾಯುತ್ತಿದೆ. ಬಕಾಸುರನ ಜಾಗ ಬ್ರೆಡ್ಡಿನ ಅಂಗಡಿ, ಅದೂ ಪುಟ್ಟಿಯ ಅಪ್ಪ ಕೆಲಸ ಮಾಡುವ ಬೇಕರಿಯಲ್ಲ, ಅದರ ಎದುರಾಳಿಯದು, ಇದನ್ನು ಇವಳು ಮನೆಯಲ್ಲಿ ಹೇಳುವ ಹಾಗೂ ಇಲ್ಲ, ಹೇಳಿದರೆ ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ, ಹೊಟ್ಟೆ ಚುರುಗುಟ್ಟುತ್ತಿದೆ, ಒಂದು ಬನ್ನು ಕೊಳ್ಳಲು ಒಳಗೆ ಹೋಗುವಂತಿಲ್ಲ, ಗೂಢಚಾರಿಕೆಗೆ ಹೊರಟವರು ಬುತ್ತಿ ಕಟ್ಟಿಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸೋಡಾಬುಡ್ಡಿಯ ಹಳೇ ಪುಸ್ತಕದಂಗಡಿಯ ಮುಂದೆ ಸಿಕ್ಕಿಬಿದ್ದ, ಸಿಕ್ಕಿಬಿದ್ದೇಬಿಟ್ಟ ಎಂದುಕೊಂಡಳು, ನೀಲಿ ಅಂಗಿ, ಮೋಟಾರ್‌ಸೈಕಲ್ಲಿಗೆ ಒರಗಿ ಗಳಿಗೆಗೊಮ್ಮೆ ಕೈಗಡಿಯಾರ ನೋಡುತ್ತಾನೆ, ಅಂಗಡಿಯ ಬಾಗಿಲನ್ನೇ ನೋಡುತ್ತಾನೆ, ಮೂವತ್ತು ದಾಟಿದೆ ಅಯೋಗ್ಯನಿಗೆ, ಇವಳ ಕೈ ತಾನಾಗಿಯೇ ಮುಷ್ಟಿ ಕಟ್ಟಿತು, ಬಾಗಿಲು ತೆರೆಯಿತು, ಊರುಗೋಲು ಹಿಡಿದ ಮುದುಕಿಯೊಬ್ಬಳು ಪುಸ್ತಕದ ಚೀಲ ಹೊತ್ತು ಹೊರಬಂದಳು, ಎಷ್ಟೊತ್ತಜ್ಜೀ, ಎಂದ ಅವನು, ಹತ್ತಿಸಿಕೊಂಡು ಹೋದ. ಮುಷ್ಟಿ ಬಿಚ್ಚಲು ಸ್ವಲ್ಪ ಹೊತ್ತು ಬೇಕಾಯಿತು.

ತಾ ಕಳ್ಳ ಪರರ ನಂಬ ಎಂದು ಅಕ್ಕ ಫೋನಿನಲ್ಲಿ ಚುಚ್ಚಿದ್ದಳು ಒಮ್ಮೆ, ಕಳ್ಳಿಯಂತೆ, ಇವಳು ಒಂದು ದಿನವೂ ಕದ್ದವಳಲ್ಲ, ಕದ್ದವರನ್ನು ನೋಡಿ ನೋಡಿ ಕಣ್ಣು ಹೀಗಾಗಿದೆ, ಟೈ ಕಟ್ಟಿದವರು ಸುಳ್ಳು ಹೇಳುತ್ತಾರೆ, ಅಜ್ಜಂದಿರು ಕಿವುಡರಾಗುತ್ತಾರೆ, ತುಂಬು ಗರ್ಭಿಣಿಯೊಬ್ಬಳು ಮೊನ್ನೆ ಹೊಟ್ಟೆಯೊಳಗಿಂದ ದಿಂಬು ಜಾರಿಸಿಕೊಂಡಳು, ಇಷ್ಟೆಲ್ಲ ಕಂಡವಳು ಸಂಜೆ ಮನೆಗೆ ಬಂದು ಬೇರೆ ಕಣ್ಣು ಹಾಕಿಕೊಳ್ಳುವುದು ಹೇಗೆ. ಹೌದು, ಡೈರಿ ಓದಿದ್ದಳು, ಎರಡೇ ಪುಟ. ಹೌದು, ಜೋಡಿಜಡೆಯ ಹುಟ್ಟುಹಬ್ಬದ ಮನೆಗೆ, ಪುಟ್ಟಿಗೆ ಕೊಡೆ ಕೊಟ್ಟು ಹೋಗೋಣ ಅಂತ ಬಂದೆ ಎಂದು ಹೋಗಿ ನಿಂತಿದ್ದಳು, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ, ಪುಟ್ಟಿ ಆ ಕೊಡೆಯನ್ನು ಎಲ್ಲರೆದುರು ತೆಗೆದುಕೊಂಡಳು, ಥ್ಯಾಂಕ್ಸ್ ಅಮ್ಮ ಎಂದಳು, ಆ ಥ್ಯಾಂಕ್ಸಿನ ತಣ್ಣಗಿನ ಗಾಳಿ ಇನ್ನೂ ಕಿವಿಯಲ್ಲಿದೆ. ಇದೇ ಪುಟ್ಟಿ ಆರು ವರ್ಷದವಳಿದ್ದಾಗ ರಜೆಯ ದಿನ ಜೊತೆಗೆ ಬಸ್ಸಿಗೆ ಬರುತ್ತಿದ್ದಳು, ಹನ್ನೊಂದನೇ ನಂಬರಿನಲ್ಲಿ, ಚಾಲಕನ ಹಿಂದಿನ ಸೀಟು, ಟಿಕೆಟ್ಟನ್ನು ಮುದ್ದೆ ಮಾಡಬಾರದು ಪುಟ್ಟಿ, ಹೀಗೆ, ಎರಡು ಬೆರಳಲ್ಲಿ ಹಿಡ್ಕೊಂಡು ಮೇಲೆತ್ತಬೇಕು, ಆಗ ಕೇಳೋರಿಗೂ ಗೌರವ ತೋರ್ಸೋರಿಗೂ ಗೌರವ, ಎಂದು ಹೇಳಿಕೊಟ್ಟಿದ್ದಳು, ಮಗು ಮನೆಗೆ ಬಂದಮೇಲೂ ಚಮಚ, ಬಾಚಣಿಗೆ, ಸಿಕ್ಕಿದ್ದನ್ನೆಲ್ಲ ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಿತ್ತು. ಕೊನೇ ಸ್ಟಾಪಿನಲ್ಲಿ ಏನಿದೆ ಅಮ್ಮ, ದೊಡ್ಡ ಕೆರೆ ಇದೆ ಪುಟ್ಟಿ, ಒಂದಿನ ಹೋಗೋಣ, ಒಂದಿನ ಎಂಬುದು ಬರಲಿಲ್ಲ, ತಪಾಸಣೆಯವರು ನಡುದಾರಿಯಲ್ಲೇ ಇಳಿದು ಎದುರಿನ ಬಸ್ಸು ಹತ್ತಬೇಕು, ಹದಿನೆಂಟು ವರ್ಷದಲ್ಲಿ ಇವಳೂ ಆ ಕೆರೆಯನ್ನು ನೋಡಿಲ್ಲ.

ನಾಲ್ಕು ಗಂಟೆ, ಈಗ ಪುಟ್ಟಿಯ ಸರದಿ, ಐವರೂ ಹೋಗಿ ನಿಂತದ್ದು ಹನ್ನೊಂದನೇ ನಂಬರಿನ ಕಂಬದ ಕೆಳಗೆ, ಕಾಕತಾಳೀಯ, ಎಷ್ಟೋ ಜನ ಹನ್ನೊಂದು ಹತ್ತುತ್ತಾರೆ, ಅವನೂ ಹತ್ತುತ್ತಾನೇನೋ, ಅವರೂ, ಹತ್ತುತ್ತಾರೇನೋ. ಎಲ್ಲಿಗೇ, ಎಂದು ಬಕಾಸುರ ಕೇಳಿಯೇಬಿಟ್ಟ, ಯಾಕೆ ಅಂತ ಕೇಳೋ ಹಾಗಿಲ್ಲ ಎಂದರು ನಾಲ್ವರೂ, ಕೊನೇ ಸ್ಟಾಪಿಗೆ, ಎಂದಳು ಪುಟ್ಟಿ. ಕೊನೇ ಸ್ಟಾಪು, ಅಲ್ಲಿ ಕಾಯುತ್ತಿದ್ದಾರೆ ಆರನೆಯವರು, ಕೆರೆ ಏರಿ, ಜನವಿಲ್ಲದ ಜಾಗ, ಇವಳು ಹಿಂಬಾಗಿಲಲ್ಲಿ ಹತ್ತಿ ಅವರ ಹಿಂದಿನ ಸೀಟಿನಲ್ಲೇ ಕೂರಬೇಕಾಯಿತು, ಬೇರೆ ಖಾಲಿ ಇರಲಿಲ್ಲ, ಪುಟ್ಟಿಯ ಕತ್ತು ಅಷ್ಟು ಹತ್ತಿರ, ಬೆಳಗ್ಗೆ ತಾನೇ ಹೆಣೆದ ಜಡೆ, ಕತ್ತಿನ ಮೇಲಿನ ಮಚ್ಚೆ, ಕೈ ಚಾಚಿದರೆ ಸಿಗುತ್ತದೆ. ಪ್ರತಿ ನಿಲ್ದಾಣದಲ್ಲೂ ಹತ್ತಿದವರ ಮುಖ ನೋಡಿದಳು, ಸೊಪ್ಪಿನ ಬುಟ್ಟಿ, ಶಾಲೆಯ ಚೀಲ, ಒಬ್ಬ ಬಡಗಿ ಗರಗಸವನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಯಾರೂ ಆ ಸೀಟಿನ ಕಡೆ ಬರಲಿಲ್ಲ, ಟಿಕೆಟ್ಟು ಜೇಬಿನಿಂದ ಏಳಲಿಲ್ಲ. ಆಸ್ಪತ್ರೆಯ ನಿಲ್ದಾಣದಲ್ಲಿ ಬೂದು ಯೂನಿಫಾರ್ಮು ಹತ್ತಿತು, ತಪಾಸಣೆಯ ಹೊಸ ಹುಡುಗಿ, ಇವಳೇ ಆರು ತಿಂಗಳು ಜೊತೆಗಿಟ್ಟುಕೊಂಡು ತಯಾರು ಮಾಡಿದ ಹುಡುಗಿ, ಪರವಾಗಿಲ್ಲ, ಚೆನ್ನಾಗಿ ಇಸ್ತ್ರಿ ಮಾಡಿಕೊಂಡಿದ್ದಾಳೆ ಎಂದು ಒಂದು ಗಳಿಗೆ ಹೆಮ್ಮೆಯೇ ಆಯಿತು, ಟಿಕೆಟ್, ಟಿಕೆಟ್ ತೋರ್ಸಿ ಎಂಬ ದನಿ ಸೀಟಿನಿಂದ ಸೀಟಿಗೆ ಬರುತ್ತಿದೆ, ಇವಳ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು, ಕಾರ್ಡು ತೋರಿಸಿ ತಲೆ ಆಡಿಸಿದರೆ ಮುಗಿಯಿತು — ಜೇಬಿನಲ್ಲಿ ಪಕ್ಕದ ಮನೆಯವಳ ಬಾಚಣಿಗೆ. ಕಾರ್ಡು ಮನೆಯಲ್ಲಿ, ಮೊಳೆಯ ಯೂನಿಫಾರ್ಮಿನಲ್ಲಿದೆ. ಬೆಳಗ್ಗೆಯಿಂದ ಐದು ಬಸ್ಸು ಹತ್ತಿದ್ದಾಳೆ, ಒಂದಕ್ಕೂ ಟಿಕೆಟ್ ಕೊಂಡಿಲ್ಲ, ಕೊಳ್ಳಬೇಕೆಂದು ತೋಚಲೇ ಇಲ್ಲ, ಹದಿನೆಂಟು ವರ್ಷದಿಂದ ಬಸ್ಸಿಗೂ ಟಿಕೆಟ್ಟಿಗೂ ಅವಳ ಮಟ್ಟಿಗೆ ಸಂಬಂಧವೇ ಇರಲಿಲ್ಲ, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಕನ್ನಡಕ ತೆಗೆದರೆ, ಅಯ್ಯೋ ಅಕ್ಕಾ ನೀವಾ ಎನ್ನುತ್ತಾಳೆ ಹುಡುಗಿ, ಇಡೀ ಬಸ್ಸು ತಿರುಗುತ್ತದೆ, ಆ ಕತ್ತೂ ತಿರುಗುತ್ತದೆ, ಫ್ರಿಜ್ಜಿನ ಬಾಗಿಲಿನ ಕಾಗದಕ್ಕೆ ಇವತ್ತೇ ಸಹಿ ಬೀಳುತ್ತದೆ, ತೆಗೆಯದಿದ್ದರೆ ಟಿಕೆಟ್ ಇಲ್ಲದವಳೆಂದು ಎಬ್ಬಿಸಿ ನಿಲ್ಲಿಸುತ್ತಾರೆ, ಆಗಲೂ ಆ ಕತ್ತು ತಿರುಗುತ್ತದೆ.

ಟಿಕೆಟ್ ಮೇಡಂ, ಎಂದಳು ಹುಡುಗಿ, ಹತ್ತಿರ, ತಲೆಯ ಮೇಲೆಯೇ, ಇವಳು ಕಿಟಕಿ ನೋಡುತ್ತಿದ್ದಳು. ಮುಖ ನೋಡಬೇಡ ಕಣೇ, ಮುಖ ಎಲ್ಲರದೂ ಒಂದೇ, ಟಿಕೆಟ್ ಇಲ್ಲದೋರು ಕಿಟಕಿ ನೋಡ್ತಾರೆ, ನಾವು ಹತ್ತಿರ ಬಂದಷ್ಟೂ ಕಿಟಕಿಯಲ್ಲಿ ಏನೋ ಇದೆ ಅನ್ನೋ ಹಾಗೆ ನೋಡ್ತಾರೆ, ಎಂದು ಈ ಹುಡುಗಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದಳು, ಕಿಟಕಿಯಲ್ಲಿ ಒಂದು ಗೋಡೆ, ಒಂದು ನಲ್ಲಿ, ಮತ್ತೆ ಗೋಡೆ, ಕಣ್ಣು ಕೀಳಲು ಆಗುತ್ತಿಲ್ಲ, ಮೇಡಂ, ನಿಮ್ಮನ್ನೇ ಕೇಳ್ತಿರೋದು — ಆಗ ಮುಂದಿನ ಸೀಟಿನಿಂದ ಆ ಕೈ ಎದ್ದಿತು, ತಲೆಯ ಮಟ್ಟಕ್ಕೆ, ಎರಡು ಬೆರಳು, ನಡುವೆ ಕಿತ್ತಳೆ ಬಣ್ಣದ ಟಿಕೆಟ್ಟು, ಮಡಿಕೆ ಇಲ್ಲದ್ದು. ಅವರದು ಇಲ್ಲಿದೆ, ಎಂದಳು ಪುಟ್ಟಿ. ನಿಮ್ಮೋರಾ ಇವ್ರು, ಎಂದು ಕೇಳಿದಳು ಹುಡುಗಿ. ನಮ್ ಜೊತೆ ಬಂದಿದಾರೆ, ಆರು ಜನ ನಾವು. ಕತ್ತು ತಿರುಗಲಿಲ್ಲ, ಲಂಬು ತನ್ನ ಶೂ ನೋಡಿಕೊಳ್ಳುತ್ತಿದ್ದ, ಜೋಡಿಜಡೆ ತುಟಿ ಕಚ್ಚಿಕೊಂಡಿದ್ದಳು, ಪಂಚು ಕಚಕ್ ಎಂದಿತು, ಹುಡುಗಿ ಟಿಕೆಟ್ಟನ್ನು ಇವಳ ಮಡಿಲಿಗಿಟ್ಟು ಮುಂದೆ ಹೋದಳು. ಅವರದು, ಬಂದಿದಾರೆ, ಬಂದೇ ಬರ್ತಾರೆ — ಇವಳೇ ಆ ಬಹುವಚನ, ಬೆನ್ನ ಹಿಂದೆ ಮಗಳು ತನ್ನನ್ನು ಹೀಗೆ ಹೇಳುತ್ತಾಳೆಂದು ಇಷ್ಟು ವರ್ಷ ಗೊತ್ತಿರಲಿಲ್ಲ, ಗೊತ್ತಾಗಲು ಬೆನ್ನ ಹಿಂದೆ ಬಂದು ಕೂರಬೇಕಾಯಿತು, ಆದರೆ ಅದು ಯಾವ ಬಹುವಚನ, ಗೌರವದ್ದೋ, ದಾರಿಯಲ್ಲಿ ಸಿಕ್ಕ ಅಪರಿಚಿತರಿಗೆ ಕೊಡುವುದೋ, ಎರಡಕ್ಕೂ ಒಂದೇ ಮಾತು, ಹೇಗೆ ತಿಳಿಯುವುದು, ಕೇಳಬೇಕು, ಬಾಯಿ ತೆರೆದಳು, ತೊಟ್ಟಿಯ ಮೀನಿನ ಹಾಗೆ ಮುಚ್ಚಿದಳು. ಟಿಕೆಟ್ಟಿನ ಮೇಲೆ ಹೊತ್ತು ಅಚ್ಚಾಗಿದೆ, ಬೆಳಗಿನ ಒಂಬತ್ತು ಹತ್ತು, ಒಂಬತ್ತು ಹತ್ತಕ್ಕೇ ಕೊಂಡಿದ್ದಾಳೆ, ಭಾಷೆ ತೆಗೆದುಕೊಂಡ ಅದೇ ಕೈಯಿಂದ, ನಂಬು ಎಂದವಳು ಒಂದು ಗಳಿಗೆಯೂ ನಂಬಿರಲಿಲ್ಲ, ಸರಿಯಾಗಿಯೇ ನಂಬಿರಲಿಲ್ಲ, ಆದರೂ ಇಡೀ ದಿನ ಗುಂಡಿಯ ಕೆಳಗೆ ಜೋಪಾನ ಮಾಡಿದ್ದಾಳೆ, ಅಮ್ಮ ಬಾರದೇ ಹೋದರೆ ಇದಕ್ಕೆ ಚೌಕಟ್ಟು, ಇದು ಪುಟ್ಟಿಯ ಮೇಜಿನ ಮೇಲಿನ ಗೋಡೆಯಲ್ಲಿ, ಒಂದು ತೂತೂ ಇಲ್ಲದೆ. ಕೊನೇ ಸ್ಟಾಪು ಎಂದು ಯಾರೋ ಕೂಗಿದರು, ಕಿಟಕಿಯ ತುಂಬ ನೀರು ಬಂತು, ನಾಲ್ವರು ಎದ್ದರು, ಪುಟ್ಟಿ ಇನ್ನೂ ಎದ್ದಿಲ್ಲ, ತಿರುಗಿಯೂ ಇಲ್ಲ, ಹದಿನೆಂಟು ವರ್ಷ ಕಾದ ಕೆರೆ ಪಕ್ಕದಲ್ಲೇ ಇದೆ, ಇವಳು ಅದರ ಕಡೆ ನೋಡಲಾರಳು, ಮಡಿಲಲ್ಲಿ ಕಿತ್ತಳೆ ಬಣ್ಣದ ಟಿಕೆಟ್ಟು, ಅದರ ನಟ್ಟನಡುವೆ ಈಗಷ್ಟೇ ಬಿದ್ದ ತೂತು.